ಹೆಸರು ಹೇಳಿರಲಿಲ್ಲ

"ಸ್ವಾಮಿ, ನಾನು ಎರಡು ಕೊಲೆ ಮಾಡಿದ್ದೀನಿ."

ಮರದ ಜಾಲರಿಯ ಆಚೆಯಿಂದ ಬಂದ ಈ ಮಾತಿಗೆ ಟೀಚರ್ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು. ನಗು ಹೊರಗೆ ಬಿತ್ತೋ, ಅಲ್ಲಿಗೆ ಮುಗಿಯಿತು. ಸಾಲಾಗಿ ನಿಂತಿರುವ ಇಡೀ ಮೂರನೇ ಕ್ಲಾಸು ಕೇಕೆ ಹಾಕುತ್ತದೆ, ಆಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಅವಳಿಂದಲೂ ಆಗದು, ಪೀಠದ ಮೇಲಿರುವ ದೇವರಿಂದಲೂ ಆಗದು.

"ಯಾರನ್ನ ಕೊಂದೆ, ಮಗು?" ಎಂದಳು, ಫಾದರ ಗತ್ತಿನಲ್ಲಿ ಗಂಟಲು ದಪ್ಪ ಮಾಡಿಕೊಂಡು.

"ಒಂದು ಜಿರಲೆ, ಸ್ವಾಮಿ."

"ಇನ್ನೊಂದು?"

"ಅದೂ ಜಿರಲೆನೇ. ಅದರ ಹೆಂಡ್ತಿ ಇರ್ಬೇಕು."

ಪ್ರತಿ ವರ್ಷದ ಪಾಡು ಇದು. ಮೂರನೇ ಕ್ಲಾಸಿನ ಮಕ್ಕಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ಭಾನುವಾರ ಹತ್ತಿರ ಬಂದಂತೆ, ಅದರ ಹಿಂದಿನ ದಿನದ ಪಾಪನಿವೇದನೆ ಅವರ ನಿದ್ದೆ ಕೆಡಿಸುತ್ತಿತ್ತು. ಚರ್ಚಿನ ಮೂಲೆಯಲ್ಲಿ ದೊಡ್ಡ ಬೀರುವಿನ ಹಾಗೆ ನಿಂತ ಆ ಕತ್ತಲ ಗೂಡು, ನಡುವೆ ಜಾಲರಿ, ಜಾಲರಿಯ ಆಚೆ ಮುಖ ಕಾಣದ ಫಾದರು. ದೊಡ್ಡವರೇ ಅಲ್ಲಿ ಮಂಡಿಯೂರುವಾಗ ಉಗುಳು ನುಂಗುತ್ತಾರೆ, ಇನ್ನು ಮಕ್ಕಳ ಮಾತೇನು! ಹಿಂದೊಮ್ಮೆ ಒಬ್ಬ ಹುಡುಗ ಒಳಗೆ ಹೋದವನು ಗಾಬರಿಯಲ್ಲಿ ಪಾಪ ಮರೆತು ಏಳರ ಮಗ್ಗಿ ಒಪ್ಪಿಸಿ ಬಂದಿದ್ದ. ಅಂದಿನಿಂದ ಟೀಚರ್ ಒಂದು ಉಪಾಯ ಹೂಡಿದ್ದಳು. ಚರ್ಚು ಖಾಲಿಯಿರುವ ಹೊತ್ತು ನೋಡಿ ಮಕ್ಕಳನ್ನು ಕರೆತಂದು, ಫಾದರ ಜಾಗದಲ್ಲಿ ತಾನೇ ಕೂತು, ಒಬ್ಬೊಬ್ಬರಿಗೇ ಅಭ್ಯಾಸ ಮಾಡಿಸುವುದು. ಷರತ್ತು ಒಂದೇ. ನಿಜವಾದ ಪಾಪ ಹೇಳಕೂಡದು, ಕಟ್ಟಿದ ಪಾಪ ಸಾಕು. ಕಟ್ಟು ಎಂದರೆ ಮಕ್ಕಳು ಬಿಡುತ್ತಾರೆಯೇ? ಕೊಲೆಯಾಯಿತು, ದರೋಡೆಯಾಯಿತು, ಒಬ್ಬಳಂತೂ ಆ ಬೆಳಿಗ್ಗೆ ಹಡಗನ್ನೇ ಮುಳುಗಿಸಿದ್ದಳು.

ಈ ಉಪಾಯದ ಬಗ್ಗೆ ಟೀಚರಿಗೆ ಒಳಗೊಳಗೇ ಹೆಮ್ಮೆ. ಮಕ್ಕಳ ಮನಸ್ಸು ಆ ಟೀಚರಿಗೆ ಗೊತ್ತಾಗುವಷ್ಟು ನಮಗೆ ಗೊತ್ತಾಗಲ್ಲ ಎಂದು ಶಾಲೆಯ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಯಾರೊಡನೆಯೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಬಿದ್ದ ಮಾತನ್ನು ಅವಳು ಕಳೆದುಕೊಂಡಿರಲಿಲ್ಲ.

ಜಿರಲೆ ಕೊಂದವನಿಗೆ ಒಂದು ನಮೋ ಮರಿಯೆ ಜಪ ಹೇಳುವ ಪ್ರಾಯಶ್ಚಿತ್ತ ಕೊಟ್ಟು ಕಳಿಸಿ, "ಮುಂದಿನವರು" ಎಂದಳು. ಸದ್ದಿಲ್ಲದೆ ಬಂದು ಮಂಡಿಯೂರಿದ್ದು ಗುಂಡುಸೂಜಿ. ಕಡ್ಡಿಯಂಥ ಮೈ, ಅದರ ಮೇಲೆ ದುಂಡಗೆ ಕೆದರಿದ ಗುಂಗುರು ಕೂದಲು. ಹೆಸರಿಟ್ಟವರು ಯಾರೋ, ಈಗ ಅವಳ ಅಮ್ಮನೂ ಹಾಗೇ ಕರೆಯುತ್ತಿದ್ದಳು. ಅಪ್ಪ ಶಾಲೆಯ ವ್ಯಾನಿನ ಡ್ರೈವರು. ಅಮ್ಮ ಮನೆಯಲ್ಲಿ ಹೊಲಿಗೆ ಮಾಡುವವಳು. ಪ್ರಸಾದದ ಭಾನುವಾರಕ್ಕೆ ಹುಡುಗಿಯರಿಗೆಲ್ಲ ಬಿಳಿ ಫ್ರಾಕು, ಬಿಳಿ ಮುಸುಕು ಹೊಲಿದುಕೊಡುವುದು ಅವಳೇ.

"ಸ್ವಾಮಿ, ಆಶೀರ್ವಾದ ಮಾಡಿ. ನಾನು ಪಾಪ ಮಾಡಿದ್ದೀನಿ."

"ಹೇಳು ಮಗು. ಹಡಗೋ, ಬ್ಯಾಂಕೋ?"

ಆಚೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು.

"ಅಜ್ಜಿ ನೀರು ಕೇಳಿದ್ರು," ಎಂದಳು ಹುಡುಗಿ. "ಅಮ್ಮ ಅಳತೆ ತಗೊಳ್ಳೋಕೆ ಹೋಗಿದ್ರು. ಅಜ್ಜೀನ ನೋಡ್ಕೋ ಅಂದಿದ್ರು. ನಾನು ಬಟ್ಟೆ ಚೂರಲ್ಲಿ ಬೊಂಬೆಗೆ ಮುಸುಕು ಮಾಡ್ತಿದ್ದೆ. ಅಜ್ಜಿ ನೀರು ಅಂದ್ರು. ನಂಗೆ ಕೇಳಿಸ್ತು. ಕೇಳಿಸ್ದೇ ಇರೋ ಥರ ಕೂತಿದ್ದೆ. ಇನ್ನೊಂದ್ಸಲ ಕರೀತಾರಲ್ಲ, ಆವಾಗ ಎದ್ರಾಯ್ತು ಅಂತ."

"ಆಮೇಲೆ?"

"ಕರೀಲೇ ಇಲ್ಲ."

ಟೀಚರ್ ಜಾಲರಿಯತ್ತ ಬಾಗಿದಳು. ಷರತ್ತು ಹೇಳಿದ ದಿನ ಈ ಹುಡುಗಿ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು ಎಂಬುದು ಆಗ ನೆನಪಾಯಿತು. ಕೆಲವು ತಿಂಗಳ ಹಿಂದೆ ಆ ಅಜ್ಜಿಯ ಮಣ್ಣಿಗೆ ಕ್ಲಾಸಿನ ಮಕ್ಕಳನ್ನೆಲ್ಲ ಟೀಚರೇ ಕರೆದುಕೊಂಡು ಹೋಗಿದ್ದಳು. ಗುಂಡಿಯ ಅಂಚಿನಲ್ಲಿ ಈ ಹುಡುಗಿ ಅಳದೆ ನಿಂತಿದ್ದನ್ನು ನೋಡಿ, ಇನ್ನೂ ತಿಳಿವಳಿಕೆ ಸಾಲದು, ಪಾಪ, ಅಂದುಕೊಂಡಿದ್ದಳು.

ಆಗಲೇ ಹೇಳಬಹುದಿತ್ತು. ಇದು ಬರೀ ಅಭ್ಯಾಸ ಕಣಮ್ಮಾ, ನಾನು ಫಾದರ್ ಅಲ್ಲ, ಇದನ್ನ ಶನಿವಾರ ಅವರಿಗೆ ಹೇಳು, ಈಗ ಇಲ್ಲಿ ಬಾ ಎಂದು ಹೊರಗೆ ಬಂದು ಅವಳನ್ನು ತಬ್ಬಿಕೊಳ್ಳಬಹುದಿತ್ತು. ಜಾಲರಿಗೆ ಹಣೆ ಹಚ್ಚಿ ಕಾಯುತ್ತಿದ್ದ ಆ ಉಸಿರನ್ನು ಕೇಳುತ್ತಾ ಅವಳಿಗೆ ಅಷ್ಟು ಬಾಯಿ ಬರಲಿಲ್ಲ. ಅಥವಾ ಬೇರೆ ಮಾತು ಹೆಚ್ಚು ಚೆನ್ನಾಗಿ ಬಂತು ಎನ್ನಬೇಕು. ಕೈಯೆತ್ತಿ ಗಾಳಿಯಲ್ಲಿ ಶಿಲುಬೆಯ ಗುರುತು ಮಾಡಿ, "ನಿನ್ನ ಪಾಪ ಕ್ಷಮಿಸಿದೆ, ಸಮಾಧಾನದಿಂದ ಹೋಗು," ಎಂದುಬಿಟ್ಟಳು. ಅದು ಫಾದರು ಹೇಳುವ ಮಾತು. ಹೇಳಿದ ಮೇಲೆ ಅವಳಿಗೇ ಮೈ ಜುಮ್ಮೆಂದಿತು. ಬಾಗಿಲ ಪರದೆ ಸರಿಸಿ ನೋಡಿದರೆ ಗುಂಡುಸೂಜಿ ಬೆಂಚುಗಳ ನಡುವೆ ಒಂದೇ ಕಾಲಲ್ಲಿ ಕುಪ್ಪಳಿಸಿಕೊಂಡು ಹೋಗುತ್ತಿದ್ದಳು. ಎಷ್ಟೋ ತಿಂಗಳಿಂದ ಆ ಹುಡುಗಿ ಕುಪ್ಪಳಿಸಿದ್ದನ್ನು ಯಾರೂ ನೋಡಿರಲಿಲ್ಲ.

ಪ್ರಸಾದಕ್ಕೆ ಒಂದು ವಾರ ಮೊದಲಿನ ಭಾನುವಾರ, ಪೂಜೆ ಮುಗಿದ ಮೇಲೆ ಶಾಲೆಯ ಹಾಲಿನಲ್ಲಿ ತಂದೆತಾಯಿಯರ ಸಭೆ. ಮಕ್ಕಳು ಮುಂದೆ ಚಾಪೆಯ ಮೇಲೆ, ದೊಡ್ಡವರು ಹಿಂದೆ ಬೆಂಚುಗಳ ಮೇಲೆ. ಕಿರ್ರೆನ್ನುವ ಮೈಕನ್ನು ಸರಿಮಾಡಿ ಡ್ರೈವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಯುವಕ ಫಾದರು ಮುಂದಿನ ವಾರದ ವಿವರಗಳನ್ನೆಲ್ಲ ಹೇಳಿ, "ನಿಜ ಹೇಳ್ಬೇಕು ಅಂದ್ರೆ ಇದರಲ್ಲಿ ನಂದೇನೂ ಇಲ್ಲ, ಎಲ್ಲಾ ನಮ್ಮ ಟೀಚರ್‌ದು. ಅವರೂ ಎರಡು ಮಾತು ಆಡ್ಲಿ," ಎಂದು ಮೈಕನ್ನು ಅವಳ ಕೈಗಿತ್ತರು.

ಎರಡೇ ಮಾತು ಆಡಿ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಟೀಚರ್ ಜಿರಲೆ ದಂಪತಿಗಳಿಂದ ಶುರುಮಾಡಿದಳು. ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಡಗು ಮುಳುಗಿದಾಗ ದೊಡ್ಡ ಸಿಸ್ಟರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ಜನರ ನಗು ಒಟ್ಟಿಗೆ ತನ್ನ ಕಡೆ ಬರುವುದು ಎಂಥ ಸುಖ ಎಂದು ಅವಳಿಗೆ ಅಂದು ಗೊತ್ತಾಯಿತು. ನಗು ಇಳಿಯುವ ಹೊತ್ತಿಗೆ ಸರಿಯಾಗಿ ದನಿ ತಗ್ಗಿಸಿದಳು.

"ಆದ್ರೆ ಒಂದು ಮಗು ಮಾತ್ರ ನಿಜವಾದ ಪಾಪ ಹೇಳ್ತು. ಹೆಸರು ಹೇಳಲ್ಲ..."

ಹೆಸರು ಹೇಳಲಿಲ್ಲ. ಹುಡುಗಿ ಎಂದೂ ಹೇಳಲಿಲ್ಲ. ಹಾಸಿಗೆ ಹಿಡಿದ ಮುದುಕಿ, ಯಾವುದೋ ಕೆಲಸಕ್ಕೆಂದು ಹೊರಗೆ ಹೋದ ತಾಯಿ, ನೀರು ಎಂದ ಒಂದು ಕೂಗು, ಇನ್ನೊಂದು ಸಲ ಕರೆಯಲಿ ಎಂದು ಕಾದು ಕೂತ ಮಗು. ಬೊಂಬೆಯ ಬಿಳಿ ಮುಸುಕನ್ನು ಬಿಟ್ಟು ಹೇಳಬಹುದಿತ್ತು. ಬಿಡಲು ಮನಸ್ಸಾಗಲಿಲ್ಲ, ಕಥೆಗೆ ಕಳೆ ಕಟ್ಟುವುದೇ ಅದು. "ಇಷ್ಟು ಚಿಕ್ಕ ವಯಸ್ಸಿಗೆ ಇಂಥ ಮನಸ್ಸಾಕ್ಷಿ! ನಮ್ಮ ನಿಮ್ಮಲ್ಲಿ ಎಷ್ಟು ಜನಕ್ಕಿದೆ?" ಎಂದು ಮುಗಿಸುವಾಗ ಅವಳ ಗಂಟಲೂ ಕಟ್ಟಿತು. ಅದು ನಟನೆಯಲ್ಲ. ಆದರೆ ಕಟ್ಟಿದ್ದು ಎಲ್ಲರಿಗೂ ಕೇಳಿಸಲಿ ಎಂದು ಮೈಕನ್ನು ಸ್ವಲ್ಪ ಹತ್ತಿರ ಹಿಡಿದದ್ದೂ ನಿಜವೇ. ಹಾಲಿನ ತುಂಬ ಚಪ್ಪಾಳೆ.

ಚಪ್ಪಾಳೆ ಇಳಿಯುತ್ತಿದ್ದಾಗ ಚಾಪೆಯ ಮೇಲಿಂದ ಜಿರಲೆ ಹುಡುಗನ ದನಿ ಕೇಳಿತು. ಅದರಲ್ಲಿ ಎಳ್ಳಷ್ಟೂ ಕೆಟ್ಟ ಬುದ್ಧಿಯಿರಲಿಲ್ಲ.

"ಏ ಗುಂಡುಸೂಜಿ, ನಿನ್ ಬೊಂಬೇಗೂ ಬಿಳೀ ಮುಸುಕಿದೆಯಲ್ವೇನೇ?"

ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿದರು, ಹಿಂದಿನವರು ಕತ್ತು ಉದ್ದ ಮಾಡಿದರು. ಗೋಡೆಗೆ ಒರಗಿದ್ದ ಡ್ರೈವರು ನೆಟ್ಟಗೆ ನಿಂತು ಹೆಂಡತಿಯನ್ನು ನೋಡಿದ. ಹೊಲಿಗೆಯವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದಳು. ಅವನು ಬಾಗಿಲು ದಾಟಿ ಹೋದ. ಹೊರಗೆ ವ್ಯಾನಿನ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು, ಗಾಡಿ ಶುರುವಾದ ಸದ್ದು ಮಾತ್ರ ಕೇಳಲಿಲ್ಲ. ಟೀಚರ್ ಚಾಪೆಯ ಕಡೆ ನೋಡಿದಳು. ಗುಂಡುಸೂಜಿ ಅಳುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದು ಟೀಚರನ್ನೇ ನೋಡುತ್ತಿದ್ದಳು, ಲೆಕ್ಕ ತಪ್ಪಾದಾಗ ಕಪ್ಪು ಹಲಗೆಯನ್ನು ನೋಡುತ್ತಿದ್ದಳಲ್ಲ, ಹಾಗೆ.

"ಹೆಸರು ಹೇಳ್ಲಿಲ್ಲ ತಾನೆ?" ಎಂದ ಟೀಚರ ಗಂಡ, ಮಧ್ಯಾಹ್ನ ಊಟದ ತಟ್ಟೆಯ ಮುಂದೆ.

"ಇಲ್ಲ."

"ಮತ್ತೆ? ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀಯ? ಆ ಹುಡುಗ ಬಾಯಿ ಬಿಟ್ಟಿದ್ದು, ನೀನಲ್ಲ."

ಅವಳಿಗೆ ಬೇಕಾಗಿದ್ದೂ ಅದೇ ಮಾತು. ಪಾತ್ರೆ ತೊಳೆಯುವಾಗ ಹೇಳಿಕೊಂಡಳು, ಬಟ್ಟೆ ಮಡಿಸುವಾಗ ಹೇಳಿಕೊಂಡಳು. ಎಷ್ಟು ಸಲ ಹೇಳಿಕೊಂಡರೂ ಅದು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ವ್ಯಾನು ಬಂತು. ಡ್ರೈವರ ಪಕ್ಕದ ಸೀಟು ಮೊದಲಿನಿಂದಲೂ ಟೀಚರದ್ದೇ. ಮಾಮೂಲಿನ ದಿನ ಅವನು, "ಬನ್ನಿ ಟೀಚರಮ್ಮ, ನೀವು ಕೂತ್ರೆ ಗಾಡಿ ಬ್ಯಾಲೆನ್ಸು," ಎಂದು ಚುಡಾಯಿಸುತ್ತಿದ್ದ. ತಿರುವು ಬಂದಾಗಲೆಲ್ಲ ಮಕ್ಕಳ ಕೈಯಲ್ಲಿ ಹೋ ಎನ್ನಿಸುತ್ತಿದ್ದ. ಅಂದು ಸೀಟಿನ ಮೇಲಿದ್ದ ಒರೆಸುವ ಬಟ್ಟೆಯನ್ನು ತೆಗೆದು ಜಾಗ ಮಾಡಿಕೊಟ್ಟ, ಅಷ್ಟೇ. ತಿರುವು ಬಂದಾಗ ಮಕ್ಕಳು ಹೋ ಎನ್ನಲು ಬಾಯಿ ತೆರೆದು, ಕನ್ನಡಿಯಲ್ಲಿ ಅವನ ಮುಖ ನೋಡಿ ಮುಚ್ಚಿಕೊಂಡರು. ಗುಂಡುಸೂಜಿ ಕೊನೆಯ ಸೀಟಿನಲ್ಲಿದ್ದಳು. ಏನಾದರೂ ಹೇಳಬೇಕು ಎಂದು ಟೀಚರ್ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಜೋಡಿಸಿದ ಮಾತೆಲ್ಲ 'ನಾನು ಹೆಸರು ಹೇಳ್ಲಿಲ್ಲ' ಎಂದೇ ಶುರುವಾಗುತ್ತಿತ್ತು.

"ಇಳೀರಿ ಟೀಚರ್. ಸ್ಕೂಲು ಬಂತು," ಎಂದ ಅವನು. ಟೀಚರಮ್ಮನ 'ಅಮ್ಮ' ಬಿಟ್ಟುಹೋಗಿತ್ತು.

ಎರಡು ದಿನ ತಡೆದು ಸಂಜೆ ಅವರ ಮನೆಗೆ ಹೋದಳು. ಹೋಗದೆ ವಿಧಿಯಿರಲಿಲ್ಲ. ಶನಿವಾರದ ಪಾಪನಿವೇದನೆಗೆ ಗುಂಡುಸೂಜಿ ಬರುವುದಿಲ್ಲವಂತೆ ಎಂಬ ಸುದ್ದಿ ಕ್ಲಾಸಿನಲ್ಲಿ ಹಬ್ಬಿತ್ತು. ಶನಿವಾರ ಅಲ್ಲಿ ಮಂಡಿಯೂರದವರಿಗೆ ಭಾನುವಾರ ಪ್ರಸಾದವಿಲ್ಲ. ಊರಿನ ಹುಡುಗಿಯರಿಗೆಲ್ಲ ಬಿಳಿ ಫ್ರಾಕು ಹೊಲಿದವಳ ಮಗಳು ಮಾತ್ರ ಬಣ್ಣದ ಫ್ರಾಕಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರಬೇಕಾಗುತ್ತದೆ.

ಮುಂದಿನ ಕೋಣೆಯೇ ಹೊಲಿಗೆಯ ಕೋಣೆ. ಗೋಡೆಯುದ್ದಕ್ಕೂ ಹಗ್ಗದ ಮೇಲೆ ಬಿಳಿ ಫ್ರಾಕುಗಳು ಸಾಲಾಗಿ ತೂಗುತ್ತಿದ್ದವು. ಮೂಲೆಯಲ್ಲಿ ಅಜ್ಜಿಯ ಮಂಚ, ಈಗ ಅದರ ಮೇಲೆ ಬಟ್ಟೆಯ ಥಾನುಗಳು. ಹೊಲಿಗೆಯವಳು ಎದ್ದು ಸ್ಟೂಲು ಕೊಟ್ಟಳು, ಮತ್ತೆ ಹೋಗಿ ಮಿಷನ್ನಿನ ಮುಂದೆ ಕೂತಳು. ಬೈದರೆ ಬೈಸಿಕೊಳ್ಳಲು ಟೀಚರ್ ಸಿದ್ಧವಾಗಿ ಬಂದಿದ್ದಳು. ಆದರೆ ಹೊಲಿಗೆಯವಳು ಬೈಯಲಿಲ್ಲ.

"ನಿಮ್ದೇನು ತಪ್ಪು ಬಿಡಿ ಟೀಚರ್, ಹೆಸರು ಹೇಳ್ಲಿಲ್ಲ ನೀವು," ಎಂದಳು. "ತಪ್ಪು ನಂದು. ಅವತ್ತು ನಮ್ಮನೆಯವ್ರು ಸ್ಕೂಲ್ ಪಿಕ್ನಿಕ್ಕಿಗೆ ಗಾಡಿ ತಗೊಂಡು ಹೋಗಿದ್ರು. ತಮ್ಮ ಅಮ್ಮನ ಕೊನೇಗಳಿಗೇಲಿ ತಾವಿರ್ಲಿಲ್ಲ ಅಂತ ಗೋಡೆಗೆ ತಲೆ ಚಚ್ಚಿಕೊಂಡ್ರು. ನೋಡೋಕಾಗ್ದೆ ಒಂದು ಸುಳ್ಳು ಹೇಳಿದೆ. ನಾನಿದ್ದೆ, ನನ್ನ ಕೈಯಿಂದ್ಲೇ ಎರಡು ಗುಟುಕು ನೀರು ಕುಡಿದು ಕಣ್ಣು ಮುಚ್ಚಿದ್ರು ಅಂತ. ಅದೊಂದು ಮಾತು ಹಿಡ್ಕೊಂಡೇ ಅವ್ರು ಇಷ್ಟು ದಿನ ಅನ್ನ ತಿಂದ್ರು."

ಮಿಷನ್ ಸ್ವಲ್ಪ ಹೊತ್ತು ಓಡಿ ನಿಂತಿತು.

"ಈಗ ಅವ್ರು ನನ್ನ ಹತ್ರ ಮಾತಾಡ್ತಿಲ್ಲ. ಮಗಳ ಹತ್ರಾನೂ ಇಲ್ಲ. ಬೈದಿದ್ರೆ ಚೆನ್ನಾಗಿತ್ತು. ರಾತ್ರಿ ನೀರು ಬೇಕಾದ್ರೆ ತಾವೇ ಎದ್ದು ಹೋಗಿ ತಗೋತಾರೆ, ನಮ್ಮನ್ನ ಕೇಳಲ್ಲ."

ಟೀಚರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಕ್ಷಮಿಸಿ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಹೊಲಿಗೆಯವಳು ಹಲ್ಲಿನಲ್ಲಿ ದಾರ ಕಡಿದು, "ಹಿತ್ತಲಲ್ಲಿದ್ದಾಳೆ. ನಿಮ್ಮ ಮಾತಾದ್ರೂ ಕೇಳ್ತಾಳೇನೋ ನೋಡಿ," ಎಂದಳು.

ಗುಂಡುಸೂಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲಿನ ಗಾಯದ ಹಕ್ಕಳೆ ಕೀಳುತ್ತಿದ್ದಳು. ಟೀಚರನ್ನು ಕಂಡದ್ದೇ ಎದ್ದು ನಿಂತು, "ಗುಡ್ ಈವ್ನಿಂಗ್ ಟೀಚರ್," ಎಂದು ರಾಗ ಎಳೆದಳು. ಎಷ್ಟಾದರೂ ಕಲಿಸಿದ ಪಾಠ.

"ಕೂತ್ಕೋ ಮರೀ. ಶನಿವಾರ ಬರಲ್ವಂತೆ?"

ಹುಡುಗಿ ಬರಲ್ಲ ಎಂದು ತಲೆಯಾಡಿಸಿದಳು.

"ನೋಡು, ಅಜ್ಜಿಗೆ ವಯಸ್ಸಾಗಿತ್ತು. ನೀನು ನೀರು ಕೊಟ್ಟಿದ್ರೂ ಅವರು ಹೋಗ್ತಿದ್ರು."

"ಹೋಗ್ತಿದ್ರು. ಆದ್ರೆ ನೀರು ಬೇಕಿತ್ತಲ್ಲ ಅವ್ರಿಗೆ."

ಟೀಚರ್ ಕಲ್ಲಿನ ಅಂಚಿಗೆ ಕೂತಳು. ಹುಡುಗಿ ಅವಳ ಕಡೆ ತಿರುಗಿ, "ಟೀಚರ್, ನೀವು ಫಾದರ್ ಅಲ್ಲ ಅಲ್ವಾ?" ಎಂದು ಕೇಳಿದಳು.

"ಅಲ್ಲ."

"ಹಾಗಾದ್ರೆ ನನ್ನ ಪಾಪ ಹೋಗಿಲ್ಲ."

"ಅದಕ್ಕೇ ಶನಿವಾರ ಬಾ ಅನ್ನೋದು. ನಿಜವಾದ ಫಾದರಿಗೆ ಹೇಳಿದ್ರೆ..."

"ಅವ್ರೂ ಮೈಕಲ್ಲಿ ಹೇಳ್ತಾರಾ?"

"ಇಲ್ಲ ಮಗೂ! ಅವರು ಯಾರಿಗೂ ಹೇಳೋ ಹಾಗಿಲ್ಲ. ಸತ್ರೂ ಹೇಳೋ ಹಾಗಿಲ್ಲ."

"ನೀವು ಹೇಳೋ ಹಾಗಿತ್ತಾ?"

ಕೊಂಕಿಲ್ಲ, ಕೋಪವಿಲ್ಲ. ನಿಯಮ ಏನೆಂದು ತಿಳಿದುಕೊಳ್ಳುವ ಹುಡುಗಿಯ ಪ್ರಶ್ನೆ ಅಷ್ಟೇ. ಆ ಪ್ರಶ್ನೆ ಕಲ್ಲಿನ ಮೇಲೆ ಇಬ್ಬರ ನಡುವೆ ಕೂತುಕೊಂಡಿತು. ಟೀಚರ್ ಬಾಯಿ ತೆರೆದಳು. ಹೆಸರು ಹೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಈ ಮುಖಕ್ಕೆ ಹೇಳಲು ಅವಳಿಗೆ ನಾಚಿಕೆಯಾಯಿತು.

"ಇರ್ಲಿಲ್ಲ," ಎಂದಳು.

"ಪರ್ವಾಗಿಲ್ಲ ಟೀಚರ್," ಎಂದಳು ಗುಂಡುಸೂಜಿ. ಯಾರಾದರೂ ತಪ್ಪು ಒಪ್ಪಿಕೊಂಡರೆ ಹಾಗೆನ್ನಬೇಕೆಂದು ಒಂದನೇ ಕ್ಲಾಸಿನಿಂದ ಹೇಳಿಕೊಟ್ಟಿರುತ್ತಾರೆ. ಟೀಚರ್ ಮನೆಗೆ ಬರುವಾಗ ದಾರಿ ತಪ್ಪಿಸಿಕೊಂಡವಳಂತೆ ಬೀದಿಗಳನ್ನು ಸುತ್ತಿಕೊಂಡು ಬಂದಳು. ಬೈಗುಳಕ್ಕಿಂತ ಆ 'ಪರ್ವಾಗಿಲ್ಲ' ಹೆಚ್ಚು ಚುಚ್ಚುತ್ತಿತ್ತು.

ಶನಿವಾರ ಇನ್ನೊಂದು ಎಡವಟ್ಟಾಯಿತು. ಯುವಕ ಫಾದರು ಯಾವುದೋ ಸಾವಿನ ಮನೆಗೆ ಹೊರಟುಹೋಗಿ, ಅವರ ಬದಲು ನಿವೃತ್ತ ಗುರುಗಳ ಮನೆಯಿಂದ ಮುದುಕ ಫಾದರು ಬಂದು ಕೂತಿದ್ದರು. ಬಂಗಾರದಂಥ ಮನುಷ್ಯ, ಆದರೆ ಕಿವಿ ಮಂದ. ಪಿಸುಮಾತು ಅವರ ಪಾಲಿಗೆ ಮಾತೇ ಅಲ್ಲ. ಅವರು ಗೂಡಿನಲ್ಲಿ ಕೂತ ದಿನ ಸಣ್ಣಪುಟ್ಟ ಪಾಪದವರು ಮಾತ್ರ ಸಾಲಿನಲ್ಲಿ ನಿಲ್ಲುತ್ತಿದ್ದರು. ಸ್ವಲ್ಪ ತೂಕದ ಪಾಪವಿದ್ದವರಿಗೆಲ್ಲ ಅಂದು ಮನೆಯಲ್ಲಿ ಕೆಲಸವಿರುತ್ತಿತ್ತು.

ಮಕ್ಕಳು ಗೋಡೆಯ ಪಕ್ಕ ಸಾಲಾಗಿ ನಿಂತರು. ವ್ಯಾನಿನಲ್ಲಿ ಎಲ್ಲರ ಜೊತೆ ಗುಂಡುಸೂಜಿಯೂ ಬಂದಿದ್ದಳು. ಮನೆಯಲ್ಲಿದ್ದರೆ ಅಮ್ಮ ಅಳುತ್ತಾಳೆ ಎಂದು ಬಂದಿದ್ದಂತೆ. "ಸುಮ್ನೆ ನಿಂತ್ಕೋತೀನಿ ಟೀಚರ್, ಒಳಗೆ ಹೋಗಲ್ಲ," ಎಂದು ಮೊದಲೇ ಹೇಳಿ ಸಾಲಿನ ಕೊನೆಗೆ ಹೋಗಿ ನಿಂತಳು. ಅವಳ ಅಪ್ಪ ಒಳಗೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

ಮಕ್ಕಳಿಗೆ ಧೈರ್ಯ ಬರಲಿ ಎಂದು ಮೊದಲು ಟೀಚರೇ ಮಂಡಿಯೂರುವುದು ವಾಡಿಕೆ. ಅವಳು ಹೇಳುತ್ತಿದ್ದ ಪಾಪಗಳೂ ವಾಡಿಕೆಯವೇ. ಸಿಟ್ಟು ಮಾಡಿದೆ, ಪ್ರಾರ್ಥನೆಯಲ್ಲಿ ಆಕಳಿಸಿದೆ, ಅತ್ತೆಯ ಬಗ್ಗೆ ಬೆನ್ನ ಹಿಂದೆ ಒಂದೆರಡು ಮಾತು. ಇಂದು ಹೇಳಬೇಕಾದ್ದು ಬೇರೆ ಇತ್ತು. ಜಾಲರಿಗೆ ಬಾಯಿ ಹಚ್ಚಿ ಉಸಿರಿನಷ್ಟು ಸಣ್ಣಗೆ ಶುರುಮಾಡಿದಳು.

"ಏನಂದೆ?" ಎಂದರು ಮುದುಕ ಫಾದರು. ಅವರ ದನಿ ಚರ್ಚಿನ ಆ ಕಡೆ ಗೋಡೆಗೆ ತಾಗಿ ಬಂತು. "ಜೋರಾಗಿ ಹೇಳಮ್ಮಾ. ಕೇಳಿಸ್ತಿಲ್ಲ."

ಸಾಲಿನಲ್ಲಿ ಗುಸುಗುಸು ನಿಂತುಹೋಯಿತು. ಈಗಲೂ ದಾರಿಯಿತ್ತು. ಆಕಳಿಕೆ, ಅತ್ತೆ ಎಂದು ಜೋರಾಗಿ ಹೇಳಿ ಎದ್ದು ಬರಬಹುದಿತ್ತು. ಯುವಕ ಫಾದರು ನಾಳೆ ಬರುತ್ತಾರೆ, ಅವರಿಗೆ ಸಣ್ಣ ದನಿ ಸಾಕು. ಟೀಚರ್ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. 

"ಒಂದು ಮಗು ನನ್ನನ್ನ ನಂಬಿ ಹೇಳಿದ ಮಾತನ್ನ ಎಲ್ಲರ ಮುಂದೆ ಹೇಳಿದೆ, ಫಾದರ್."

"ಎಲ್ಲಿ ಹೇಳಿದೆ?"

"ಸಭೇಲಿ. ಮೈಕಲ್ಲಿ."

"ಮೈಕಲ್ಲಾ?"

"ಹೌದು ಫಾದರ್, ಮೈಕಲ್ಲಿ! ನಾನು ಫಾದರ್ ಅಲ್ದೇ ಇದ್ರೂ ನಿನ್ನ ಪಾಪ ಕ್ಷಮಿಸಿದೆ ಅಂತ ಆ ಮಗೂಗೆ ಸುಳ್ಳು ಬೇರೆ ಹೇಳಿದ್ದೆ. ಅವರ ಮನೆ ಮುರೀತು."

ಆಚೆ ಮುದುಕರು ಏದುಸಿರು ಬಿಡುವುದು ಕೇಳುತ್ತಿತ್ತು. ಬೈಯುತ್ತಾರೆ ಎಂದುಕೊಂಡಳು. ಅವರು ಕೇಳಿದ್ದು ಬೇರೆ.

"ಯಾಕಮ್ಮಾ ಹೇಳಿದೆ?"

ಹೆಸರು ಹೇಳಿರಲಿಲ್ಲ ಎಂಬುದು ಈ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಬೇರೆ ಮಕ್ಕಳಿಗೆ ಒಳ್ಳೆಯದಾಗಲಿ ಎಂಬುದೂ ಅಲ್ಲ. ವಾರವಿಡೀ ಬಿಟ್ಟು ಬಳಸಿ ನಡೆದಿದ್ದ ಜಾಗಕ್ಕೆ ಅವಳು ಬಂದು ನಿಂತಿದ್ದಳು.

"ಚಪ್ಪಾಳೆ ಹೊಡೀತಾರೆ ಅಂತ," ಎಂದಳು.

"ಏನು?"

"ಚಪ್ಪಾಳೆ, ಫಾದರ್. ಚಪ್ಪಾಳೆ ಹೊಡೀಲಿ ಅಂತ ಹೇಳಿದೆ!"

ಅವಳ ದನಿ ಅಷ್ಟು ಎತ್ತರಕ್ಕೆ ಕ್ಲಾಸಿನಲ್ಲೂ ಹೋಗಿರಲಿಲ್ಲ. ಆಮೇಲೆ ಮುದುಕರು ಏನು ಪ್ರಾಯಶ್ಚಿತ್ತ ಕೊಟ್ಟರೋ, ಅದೊಂದನ್ನು ಅವರು ಸಣ್ಣ ದನಿಯಲ್ಲಿ ಹೇಳಿದರು.

ಎದ್ದು ಹೊರಗೆ ಬಂದರೆ ಇಡೀ ಸಾಲು ಕಣ್ಣು ಬಾಯಿ ಬಿಟ್ಟುಕೊಂಡು ಅವಳನ್ನು ನೋಡುತ್ತಿತ್ತು. ತಲೆಯೆತ್ತಲು ಆಗಲಿಲ್ಲ. ಎತ್ತದಿರಲೂ ಆಗಲಿಲ್ಲ, ಅವರನ್ನು ಸಾಲಿನಲ್ಲಿ ನಿಲ್ಲಿಸಬೇಕಾದವಳು ಅವಳೇ.

"ಟೀಚರ್, ಎಲ್ಲಾ ಕೇಳಿಸ್ತು," ಎಂದ ಜಿರಲೆ ಹುಡುಗ, ಅವಳಿಗೆ ಗೊತ್ತಿರಲಿ ಎಂಬ ಕಾಳಜಿಯಲ್ಲಿ.

"ಕೇಳಿಸ್ಲಿ ಬಿಡು," ಎಂದು ಅವಳು ಸಾಲಿನ ಕೊನೆಗೆ ನೋಡಿದಳು. ಗುಂಡುಸೂಜಿ ಗೋಡೆಗೆ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಅಂಗೈಯಿಂದ ಕಿವಿ ಒತ್ತಿ ಹಿಡಿದು ನಿಂತಿದ್ದಳು. ಒತ್ತಿದ ರಭಸಕ್ಕೆ ಮೊಣಕೈಗಳು ನಡುಗುತ್ತಿದ್ದವು. ಒಂದಕ್ಷರವೂ ಒಳಗೆ ನುಸುಳಬಾರದೆಂದು ಬಾಯಲ್ಲಿ ಏನೋ ಮಣಮಣ ಹೇಳಿಕೊಳ್ಳುತ್ತಿದ್ದಳು. ಟೀಚರ್ ಹತ್ತಿರ ಹೋಗಿ ಭುಜ ಮುಟ್ಟಿದಾಗ ಒಂದು ಕಣ್ಣು ತೆರೆದಳು. ಮುಗಿಯಿತೆಂದು ಖಾತ್ರಿಯಾದ ಮೇಲೆ ಕೈ ಇಳಿಸಿದಳು.

"ನಾನೇನೂ ಕೇಳಿಸ್ಕೊಂಡಿಲ್ಲ ಟೀಚರ್," ಎಂದಳು.

ಟೀಚರಿಗೆ ಕಣ್ಣು ತುಂಬಿ ಬಂತು. ಈ ಸಲ ಅದು ಯಾರಿಗೂ ಕಾಣದಿರಲಿ ಎಂದು ಗೋಡೆಯ ಕಡೆ ತಿರುಗಿಕೊಂಡಳು. ಒಂದು ಗಳಿಗೆ ಬಿಟ್ಟು ಕೈ ತಟ್ಟಿದಳು.

"ಎಲ್ರೂ ಹೊರಗೆ ನಡೀರಿ. ಅಂಗಳದಲ್ಲಿ ಸಾಲು. ಒಬ್ಬೊಬ್ರೇ ಒಳಗೆ ಬರೋದು. ಒಬ್ಬರು ಒಳಗಿದ್ರೆ ಇನ್ನೊಬ್ಬರು ಬಾಗಿಲ ಹತ್ರಾನೂ ಸುಳೀಬಾರ್ದು."

ಮಕ್ಕಳು ಬೆಂಚುಗಳ ನಡುವೆ ದಡದಡ ಓಡಿದರು. ಗುಂಡುಸೂಜಿ ಹೋಗಲಿಲ್ಲ. ಕತ್ತಲ ಗೂಡನ್ನೊಮ್ಮೆ, ಹೊರಗಿನ ಬೆಳಕನ್ನೊಮ್ಮೆ ನೋಡುತ್ತಾ ನಿಂತಳು.

"ನೀನು ಹೋಗ್ಲೇಬೇಕು ಅಂತೇನಿಲ್ಲ," ಎಂದಳು ಟೀಚರ್. "ಹೋಗೋದಾದ್ರೆ ಬಾಗಿಲು ಹಾಕಿರ್ತೀನಿ."

"ಎರಡೂ ಬಾಗಿಲಾ?"

"ಎರಡೂ."

ಹುಡುಗಿ ಯೋಚಿಸಿದಳು. ಆಮೇಲೆ ಕೂದಲನ್ನು ಎರಡೂ ಕೈಯಿಂದ ಒತ್ತಿ ಸರಿಮಾಡಿಕೊಂಡು ಗೂಡಿನ ಕಡೆ ನಡೆದಳು.

ಚರ್ಚಿನ ಮುಂಬಾಗಿಲು ಎರಡು ಹಲಗೆಯದು, ಒಂದೊಂದೂ ಆಳೆತ್ತರದ ಮೇಲೆ ಇನ್ನೊಂದು ಆಳೆತ್ತರ. ಟೀಚರ್ ಹೊರಗೆ ಬಂದು ಒಂದನ್ನು ಎಳೆದುಕೊಂಡಳು. ಇನ್ನೊಂದರ ಚಿಲಕ ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿತ್ತು. ಬಗ್ಗಿ ಎಳೆದಳು, ಅಲ್ಲಾಡಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಡ್ರೈವರು ಎದ್ದು ಬಂದ. ಅವನಿಗೂ ಕೇಳಿಸಿದ್ದಿರಬೇಕು, ಮುಖದಲ್ಲಿ ಏನೂ ತೋರಲಿಲ್ಲ. ಅವಳನ್ನು ನೋಡದೆ ಕೂತು ಚಿಲಕವನ್ನು ಅತ್ತಿತ್ತ ಆಡಿಸಿ ಮೇಲೆತ್ತಿದ. ಒಳಗೆ ಒಮ್ಮೆ ಇಣುಕಿದ. ಬೆಂಚುಗಳಾಚೆ, ಆ ದೊಡ್ಡ ಗೂಡಿನ ಬುಡದಲ್ಲಿ, ಮಂಡಿಯೂರಿದ ಎರಡು ಪುಟ್ಟ ಕಾಲುಗಳ ಅಂಗಾಲು ಕಾಣುತ್ತಿತ್ತು. ಅವನು ಬಾಗಿಲೆಳೆದ. ಎರಡು ಹಲಗೆ ಕೂಡಿಕೊಂಡವು.

ಅಂಗಳದಲ್ಲಿ ಮಕ್ಕಳು ಬಿಸಿಲಿಗೆ ಕೈ ಅಡ್ಡ ಹಿಡಿದು ಸಾಲು ಮಾಡುತ್ತಾ, ನಾನು ಮುಂದೆ, ತಾನು ಮುಂದೆ ಎಂದು ಜಗಳವಾಡುತ್ತಿದ್ದರು. ಟೀಚರ್ ತನ್ನ ಬಾಗಿಲಿನ ಕಬ್ಬಿಣದ ಬಳೆ ಹಿಡಿದು ಒಂದು ಕಡೆ, ಡ್ರೈವರು ತನ್ನ ಬಾಗಿಲಿನ ಬಳೆ ಹಿಡಿದು ಇನ್ನೊಂದು ಕಡೆ, ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿ, ಅದು ಗಾಳಿಗೆ ತೆರೆದುಕೊಂಡೀತೇನೋ ಎಂಬಂತೆ ಬಿಗಿಯಾಗಿ ಎಳೆದುಕೊಂಡು ನಿಂತರು. ಗಾಳಿಯೇನೂ ಬೀಸುತ್ತಿರಲಿಲ್ಲ.